ಎಡಗಡೆಯ ಮುಂದಿನ ಗಾಲಿ

ಬಕೆಟ್ಟಿನ ನೀರನ್ನು ಶೆಡ್ಡಿನ ನೆಲಕ್ಕೆ ಚೆಲ್ಲಿ ಪೊರಕೆ ಎತ್ತಿಕೊಂಡ ಬಚ್ಚಪ್ಪ ಹಾಗೇ ನಿಂತುಬಿಟ್ಟ. ನಾಲ್ಕೂ ಕಡೆ ಸಮನಾಗಿ ಹರಡಬೇಕಾದ ನೀರು ಯಾರೋ ಕರೆದ ಹಾಗೆ ಎಡಮೂಲೆಗೆ ಓಡಿಹೋಗಿ ಮಡುಗಟ್ಟಿತು.

ಊರಿಗಾಂನ ಆ ಶೆಡ್ಡಿಗೆ ನೆಲ ಹಾಕಿದವನು ಅವನೇ. ಹತ್ತು ವರ್ಷದ ಹಿಂದೆ, ಅಲ್ಲಿನ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದಾಗ, ಅಂಗುಲ ಅಂಗುಲಕ್ಕೂ ರಸಮಟ್ಟ ಇಟ್ಟು ಹಾಕಿದ ನೆಲ. ಈಗ ತೇಗದ ಪಟ್ಟಿ ತಂದು ಮೂಲೆಯಲ್ಲಿಟ್ಟು ನೋಡಿದ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಿದವು.

ಹೋದ ತಿಂಗಳು ಗಣಿಯೊಳಗೆ ಬಂಡೆ ಸಿಡಿದು ಕೆಲಸಗಾರರ ಲೈನು ಮನೆಗಳೆಲ್ಲ ನಡುಗಿದ್ದವು. ಪಾತ್ರೆಗಳು ಉರುಳಿದ್ದವು. ಇಂಥ ಹೊತ್ತಿನಲ್ಲಿ ಊರಿಗಾಂನವರು ಕೇಳುವುದು ಒಂದೇ ಮಾತು, ಕೆಳಗೆ ಯಾರಿದ್ದಾರೆ ಅಂತ. ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಮೇಲೆ ಪಾತ್ರೆ ಎತ್ತಿಟ್ಟು ಒಲೆ ಹೊತ್ತಿಸುತ್ತಾರೆ. ತಾವು ನಿಂತ ನೆಲವನ್ನು ಯಾರು ನೋಡುತ್ತಾರೆ? ಬಚ್ಚಪ್ಪನೂ ನೋಡಿರಲಿಲ್ಲ.

ಆ ಮೂಲೆಯಲ್ಲೇ ಒಂದು ವಾರ ಕಾರು ನಿಂತಿತ್ತು. ಗಣಿ ಸರ್ಕಾರದ ಕೈಗೆ ಬಂದ ವರ್ಷ ಬಿಳಿ ದೊರೆಯೊಬ್ಬ ಮಾರಿಹೋದ ಎರಡು ಸೀಟಿನ ಕೆಂಪು ಕಾರು. ಕೊಂಡವನು ಬಚ್ಚಪ್ಪನ ತಂಗಿಯ ಮಗ ಶ್ರೀನಿವಾಸಪ್ಪ. ಮದ್ರಾಸಿನ ಆಚೆ ಹಳೇ ವಿಮಾನ ಮೈದಾನದಲ್ಲಿ ಭಾನುವಾರ ರೇಸು; ಅದಕ್ಕೆ ಕಾರನ್ನು ಅಣಿಮಾಡಿದವನು ಬಚ್ಚಪ್ಪ. ಬೂದಿಕೋಟೆಗೆ ಹೋಗುವ ಬಸ್ಸೊಂದರ ಮಾಲೀಕಳಾದ ಆ ವಿಧವೆ ತಂಗಿ ಕನಕಮ್ಮ ಇದ್ದೊಬ್ಬ ಮಗನನ್ನು ಕಳಿಸಲು ಸುತರಾಂ ಒಪ್ಪಿರಲಿಲ್ಲ. "ನನ್ ಕೈಲಿ ಕಟ್ಟಿದ ಗಾಡಿ ಕಣಮ್ಮ, ಅವನ ಕೂದ್ಲೂ ಕೊಂಕಲ್ಲ" ಎಂದು ಬಚ್ಚಪ್ಪ ಮಾತು ಕೊಟ್ಟ ಮೇಲೆ ಒಪ್ಪಿದ್ದಳು.

ಎಡಗಡೆಯ ಮುಂದಿನ ಗಾಲಿ ನಿಂತ ಕಡೆ ಕಾರು ತಗ್ಗಿದ್ದು ಅವನಿಗೆ ಕಂಡಿತ್ತು. ದೊರೆ ಎಲ್ಲೋ ಗುಂಡಿಗೆ ಹಾರಿಸಿದ್ದಾನೆ, ಸ್ಪ್ರಿಂಗು ಸೋತಿದೆ ಎಂದುಕೊಂಡು, ದೊರೆಯನ್ನು ಬೈದುಕೊಂಡೇ ಅದರಡಿಗೆ ಎರಡು ದಪ್ಪ ತಗಡು ಕೊಟ್ಟು ಎತ್ತರಿಸಿದ್ದ. ಸೋತದ್ದು ಸ್ಪ್ರಿಂಗಲ್ಲ, ನೆಲ. ಸಮನೆಲದಲ್ಲಿ ಆ ಗಾಲಿಯೊಂದೇ ಭಾರ ಹೊತ್ತು, ಬಲಗಡೆಯದು ನೆಲವನ್ನು ಸರಿಯಾಗಿ ಹಿಡಿಯುವುದೇ ಇಲ್ಲ.

ಕಾರು ಇವತ್ತೇ ಬಂಗಾರಪೇಟೆಯಿಂದ ಗೂಡ್ಸಿನಲ್ಲಿ ಮದ್ರಾಸಿಗೆ ಹೊರಡುವುದಿತ್ತು. ಶರ್ಟನ್ನೂ ಬದಲಿಸದೆ ಬಂಗಾರಪೇಟೆಯ ರೈಲು ಹತ್ತಿದ. ಕೂರಲಾಗಲಿಲ್ಲ. ಮೊನ್ನೆ ಟೈರುಗಳ ಅಂಚಿಗೆ ಸೀಮೆಸುಣ್ಣ ಬಳಿದು, ತಿರುವಿನಲ್ಲಿ ಎಷ್ಟು ಅಳಿಸುತ್ತದೆಂದು ನೋಡಲು ಊರ ಮೈದಾನದಲ್ಲಿ ಸುತ್ತು ಹೊಡೆಸಿದ್ದ. ಬಲಗಡೆಯ ಮುಂದಿನ ಟೈರಿನ ಸುಣ್ಣ ಹಾಗೇ ಉಳಿದಿತ್ತು. ಗಾಳಿ ಸರಿಯಾಗಿದೆ ಎಂದು ಬೀಗಿದ್ದ. ಆ ಟೈರು ನೆಲವನ್ನೇ ಒತ್ತಿರಲಿಲ್ಲ. ಛೇ, ಕಣ್ಣಿದ್ದೂ ಕುರುಡನಾಗಿದ್ದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಬಂಗಾರಪೇಟೆಯಲ್ಲಿ ಕಾರು ಆಗಲೇ ಗೂಡ್ಸು ರೈಲಿನ ತೆರೆದ ಬಂಡಿಯ ಮೇಲೇರಿತ್ತು. ಹಮಾಲಿ ಪೆರುಮಾಳ್ ಹಗ್ಗ ಬಿಗಿಯುತ್ತಿದ್ದ. ತಾಯಿ ಮಗ ಪಕ್ಕದಲ್ಲಿ ನಿಂತಿದ್ದರು.

"ಸೀನ, ನಾನ್ ತಪ್ ಮಾಡ್ಬುಟ್ಟೆ ಕಣ್ಲಾ" ಎಂದ ಬಚ್ಚಪ್ಪ, ಏದುಸಿರಿನಲ್ಲೇ. "ಶೆಡ್ಡಿನ ನೆಲ ಕುಸಿದೈತೆ. ನಾನು ಸ್ಪ್ರಿಂಗ್ ಎತ್ತರಿಸ್ದೆ. ಜೋರಾಗಿ ತಿರುಗಿಸುದ್ರೆ ಗಾಡಿ ನಿಲ್ಲಲ್ಲ."

ಶ್ರೀನಿವಾಸಪ್ಪ ಬೆಚ್ಚಲಿಲ್ಲ. ತಲೆ ತಗ್ಗಿಸಿದ.

"ಬೆಳಿಗ್ಗೆ ಕಾಮಸಮುದ್ರದ ರಸ್ತೇಲಿ ನೋಡ್ದೆ, ಮಾಮ. ತಿರುವ್ನಲ್ಲಿ ಎಳ್ಕೊಂಡು ಓಯ್ತು. ಉಣಸೆಮರಕ್ಕೆ ಒಂದು ಮೊಳ ಅಷ್ಟೆ."

"ನಂಗ್ಯಾಕ್ಲಾ ಏಳ್ಲಿಲ್ಲ?"

"ನಿನ್ ಕೆಲ್ಸ ತಪ್ಪಾಯ್ತದಾ? ನನ್ ಕೈಯೇ ಸರಿಯಿಲ್ಲ ಅನ್ಕೊಂಡೆ. ಅಲ್ಲಿ ಓದ್ಮೇಲೆ ಇನ್ನೂ ಗಟ್ಯಾಗಿ ಹಿಡಿಯಾಣ ಅಂತಿದ್ದೆ."

ತನ್ನ ತಪ್ಪಿಗಿಂತ ಆ ಹುಡುಗನ ನಂಬಿಕೆ ಬಚ್ಚಪ್ಪನನ್ನು ನಡುಗಿಸಿತು. ಆ ಮರ ಒಂದು ಮೊಳ ಇತ್ತ ಇದ್ದಿದ್ದರೆ ಹುಡುಗ ತನ್ನ ಕೈಯನ್ನೇ ಬೈದುಕೊಂಡು ಸಾಯುತ್ತಿದ್ದ.

ಕನಕಮ್ಮ ಅಳಲಿಲ್ಲ, ಬೈಯಲಿಲ್ಲ. "ಅಣ್ಣಾ, ಈಗೇನು? ಆ ತಗಡು ತೆಗುದ್ರೆ ಆಯ್ತದಾ? ಇವನು ಓಗ್ಬೌದಾ? ನೀನ್ ಏಳು, ಕಳುಸ್ತೀನಿ."

ತೆಗೆದರೆ ಸಾಕಿತ್ತು. ಅರ್ಧ ಗಂಟೆಯ ಕೆಲಸ, ಜಾಕು ಸ್ಪ್ಯಾನರು ಕಾರಿನಲ್ಲೇ ಇದ್ದವು. ಹೂಂ ಎನ್ನಲು ಬಾಯಿ ತೆರೆದ. ಇವಳು ಈಗಲೂ ತನ್ನ ಮಾತನ್ನೇ ನಂಬುತ್ತಿದ್ದಾಳಲ್ಲ, ತನಗೆ ಕಾಣದ್ದು ಇನ್ನೇನಿದೆಯೋ ಎನಿಸಿ ಅವನಿಗೆ ಭಯವಾಯಿತು. ಇಂಜಿನ್ನು ಸಿಳ್ಳೆ ಹಾಕಿತು.

"ಕಟ್ಲಾ, ಬಿಚ್ಲಾ ಸಾರ್?" ಎಂದ ಪೆರುಮಾಳ್.

"ಬಿಚ್ಚಪ್ಪಾ" ಎಂದ ಬಚ್ಚಪ್ಪ.

ಶ್ರೀನಿವಾಸಪ್ಪ ಮುಖ ತಿರುಗಿಸಿಕೊಂಡ. ಆದರೆ ಎದುರಾಡಲಿಲ್ಲ. ಹಲಗೆ ಇಟ್ಟು ನಾಲ್ಕು ಜನ ಹಿಡಿದು ಕಾರನ್ನು ಪ್ಲಾಟ್‌ಫಾರ್ಮಿಗೆ ಇಳಿಸಿದರು. ಗೂಡ್ಸು ಖಾಲಿ ಬಂಡಿಯನ್ನು ಎಳೆದುಕೊಂಡು ಹೊರಟಿತು.

ಸದ್ದು ಅಡಗಿದ ಮೇಲೆ ಕನಕಮ್ಮ ಕಾರಿನ ಎದುರು ನಿಂತು ದಿಟ್ಟಿಸಿದಳು. ಬಸ್ಸಿನ ಲೆಕ್ಕ ಬಿಟ್ಟು ಗಾಡಿಯ ವಿಚಾರ ಒಂದೂ ತಿಳಿಯದ ಹೆಂಗಸು.

"ಈ ಕಡೆ ಮೇಲೈತಲ್ಲಣ್ಣಾ" ಎಂದಳು ಮೆಲ್ಲಗೆ. "ನಂಗೇ ಕಾಣ್ತದೆ."

ಬಚ್ಚಪ್ಪ ತಲೆ ಎತ್ತಲಿಲ್ಲ. ಮೊಣಕಾಲೂರಿ ಕೂತು, ಎಡಗಾಲಿಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಅಂಗೈಯನ್ನು ಅತ್ತಿಂದಿತ್ತ ಸವರಿ, ಇಲ್ಲಾದರೂ ನೆಲ ಮಟ್ಟವಾಗಿದೆಯೇ ಎಂದು ನೋಡುತ್ತಿದ್ದ.