ಇಸ್ತ್ರಿ ಅಕ್ಕನ ಇಂಗ್ಲಿಷ್ ಪೇಪರ್

ಕಾಲೇಜಿನಲ್ಲಿ ಇಂಗ್ಲಿಷ್ ಪ್ರಬಂಧ ಕಲಿಸುವ ಮೇಡಂಗೆ ಹುಡುಗರು ಕೊಕ್ಕೆ ಮೇಡಂ ಎಂದು ಹೆಸರಿಟ್ಟಿದ್ದರು. ಅವರು ತಿದ್ದಿ ಕೊಟ್ಟ ಹಾಳೆಯ ಅಂಚಿನ ತುಂಬ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆಗಳು ಕೊಕ್ಕೆಗಳಂತೆ ನೇತಾಡುತ್ತಿದ್ದವು. ಮಾತಿನಲ್ಲೂ ಹಾಗೆಯೇ, ಯಾರು ಏನೇ ಹೇಳಿದರೂ ಒಂದು ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಈ ಹೆಸರು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಅದರ ಬಗ್ಗೆ ಒಂದು ಹೆಮ್ಮೆಯೂ ಇತ್ತು.

ಆ ವರ್ಷ ಮಧ್ಯಾಹ್ನದ ತರಗತಿಗೆ ನಲವತ್ತೊಂದು ವರ್ಷದ ಹೆಂಗಸೊಬ್ಬಳು ಸೇರಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಿಗ್ಗೆ ಐದೂವರೆಗೆ ಉಗಿ ಯಂತ್ರದ ಮುಂದೆ ನಿಂತರೆ ಒಂದೂವರೆಗೆ ಬಿಡುಗಡೆ. ಎರಡು ಗಂಟೆಗೆ ಏದುಸಿರು ಬಿಡುತ್ತ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದಳು. ಹದಿನೆಂಟರ ಹುಡುಗರು ವಾರ ಕಳೆಯುವುದರೊಳಗೆ ಅವಳನ್ನು ಇಸ್ತ್ರಿ ಅಕ್ಕ ಎಂದು ಕರೆಯತೊಡಗಿದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಕರೀರಪ್ಪ, ಕರೀರಿ. ನಿಮ್ಮ ಕಾಲರ್ ನೋಡಿದ್ರೆ ನಿಮಗೆ ನಾನು ಬೇಕೇ ಬೇಕು" ಎಂದು ನಗುತ್ತಿದ್ದಳು.

ಅವಳು ಬಂದದ್ದು ಜ್ಞಾನದ ಹಸಿವಿನಿಂದೇನೂ ಅಲ್ಲ. ಹದಿನಾರು ವರ್ಷ ಉಗಿ ಕುಡಿದ ಎದೆ ಕೈಕೊಡತೊಡಗಿತ್ತು. ಆ ಕೋಣೆ ಬಿಡದಿದ್ದರೆ ಉಸಿರಾಟ ಹದಗೆಡುತ್ತದೆ ಎಂದು ಅದೇ ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟಿದ್ದರು. ಸಾಮಾನಿನ ಸ್ಟೋರಿನಲ್ಲಿ ಗುಮಾಸ್ತರೊಬ್ಬರು ನಿವೃತ್ತರಾಗುವುದರಲ್ಲಿದ್ದರು. ಆ ಜಾಗ ಸಿಗಬೇಕಾದರೆ ಕಾಲೇಜಿನ ಮೊದಲ ವರ್ಷದ ಇಂಗ್ಲಿಷ್ ಪಾಸಾಗಿರಬೇಕು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಒಂಬತ್ತನೇ ಕ್ಲಾಸು. ಅಮ್ಮನಿಗೆ ಸ್ಪೆಲಿಂಗ್ ಕೇಳಿ, ತಪ್ಪಿದರೆ ತಲೆಗೆ ಮೊಟಕುವ ಅಧಿಕಾರವನ್ನು ಅವಳೇ ವಹಿಸಿಕೊಂಡಿದ್ದಳು.

ಮೊದಲ ಪ್ರಬಂಧ ಸ್ವಚ್ಛತೆಯ ಬಗ್ಗೆ. ಎಲ್ಲರೂ ಬರೆದಂತೆ ಅವಳೂ ಸ್ವಚ್ಛತೆ ಎಲ್ಲರಿಗೂ ಮುಖ್ಯ, ಸ್ವಚ್ಛತೆಯೇ ಆರೋಗ್ಯ ಎಂದು ಬರೆದಿದ್ದಳು. ಮೇಡಂ ಅಂಚಿನಲ್ಲಿ 'ಯಾರಿಗೆ?' ಎಂದು ಬರೆದು ಕೊಕ್ಕೆ ಹಾಕಿದರು. ಉಳಿದವರು ಹಾಳೆ ಮಡಿಸಿ ಚೀಲಕ್ಕೆ ತುರುಕಿಕೊಂಡರೆ ಇವಳು ಕ್ಲಾಸು ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು.

"ಯಾರಿಗೆ ಅಂದ್ರೆ? ಎಲ್ಲರಿಗೂ ಅಂತ ಬರ್ದಿದ್ದೀನಲ್ಲ ಮೇಡಂ."

"ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ. ದಿನಾ ಅಷ್ಟು ಬಟ್ಟೆ ನೋಡ್ತೀರಿ. ನೀವು ಕಂಡದ್ದು ಏನು?"

"ನಾನು ಕಂಡದ್ದನ್ನ ಬರೆಯೋಕೆ ಇಂಗ್ಲಿಷ್ ಕ್ಲಾಸೇ ಬೇಕಾ?" ಎಂದಳು ಅವಳು. ವ್ಯಂಗ್ಯವಲ್ಲ, ನಿಜವಾಗಿ ಕೇಳಿದ್ದು.

ನಾಲ್ಕು ದಿನ ಬಿಟ್ಟು ಅವಳು ಎರಡು ಹಾಳೆ ತಂದುಕೊಟ್ಟಳು. ಕ್ರಿಯಾಪದಗಳೆಲ್ಲ ದಿಕ್ಕಾಪಾಲು. ಮೇಡಂ ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ಓದಿದರು. ಮತ್ತೆ ಮೊದಲಿನಿಂದ ಓದಿದರು. ಹೆರಿಗೆ ವಾರ್ಡಿನ ಹಾಸುಗಳು ಎಲ್ಲಕ್ಕಿಂತ ಕೊಳೆಯಾಗಿ ಬರುತ್ತವೆ, ಅವನ್ನು ಒಗೆಯುವಾಗ ನಮಗೆ ಬೇಸರವಾಗುವುದಿಲ್ಲ ಎಂದು ಬರೆದಿದ್ದಳು. ಮೂರನೇ ಮಹಡಿಯ ಕೊನೆಯ ವಾರ್ಡಿನಿಂದ ಬರುವ ಹಾಸುಗಳು ಹೆಚ್ಚುಕಮ್ಮಿ ಹೋದ ಹಾಗೇ ಬರುತ್ತವೆ. ಅಲ್ಲಿರುವವರು ಮಗ್ಗುಲು ಬದಲಿಸುವುದನ್ನೂ ಬಿಟ್ಟಿರುತ್ತಾರೆ. ಮಡಿಕೆ ಕೆಡದ ಹಾಸು ಕಂಡರೆ ನಾವು ಮಾತು ನಿಲ್ಲಿಸುತ್ತೇವೆ. ಕೊನೆಯ ಸಾಲು: ಆದ್ದರಿಂದ ಸ್ವಚ್ಛ ಎಂದರೆ ಒಳ್ಳೆಯದೋ ಅಲ್ಲವೋ ನನಗೆ ಗೊತ್ತಿಲ್ಲ.

ಎಷ್ಟೋ ವರ್ಷಗಳಿಂದ ಯಾವ ವಿದ್ಯಾರ್ಥಿಯೂ 'ನನಗೆ ಗೊತ್ತಿಲ್ಲ' ಎಂದು ಬರೆದದ್ದನ್ನು ಅವರು ಕಂಡಿರಲಿಲ್ಲ. ಗೊತ್ತಿಲ್ಲದವರೇ ಎಲ್ಲ ಗೊತ್ತಿರುವಂತೆ ಬರೆಯುತ್ತಿದ್ದರು.

ಅಲ್ಲಿಂದ ಮುಂದೆ ಇಸ್ತ್ರಿ ಅಕ್ಕನನ್ನು ಹಿಡಿಯುವವರಿಲ್ಲ. ವಾರಕ್ಕೊಂದು ಪ್ರಬಂಧ. ಕೆಲವು ತೀರಾ ಕೆಟ್ಟದಾಗಿದ್ದವು. ಒಂದರಲ್ಲಂತೂ ತಾನೇ ಮೊದಲ ಪುಟದಲ್ಲಿ ಹೇಳಿದ್ದನ್ನು ಎರಡನೆಯದರಲ್ಲಿ ಸುಳ್ಳು ಮಾಡಿ, "ಈಗ ಯಾವುದನ್ನ ಇಟ್ಕೊಳ್ಳಲಿ ಮೇಡಂ?" ಎಂದು ಕೇಳಿದ್ದಳು. ಮನೆಯಲ್ಲೂ ಈ ಚಾಳಿ ಹತ್ತಿತ್ತಂತೆ. "ನಮ್ಮೆಜಮಾನ್ರು ಏನಾದ್ರೂ ಅಂದ್ರೆ 'ಯಾಕೆ ಹಾಗಂತೀರಿ, ಕಾರಣ ಕೊಡಿ' ಅಂತೀನಿ. ಅವರು ಊಟದ ತಟ್ಟೆ ಎತ್ಕೊಂಡು ಟಿ.ವಿ. ಮುಂದೆ ಹೋಗ್ತಾರೆ" ಎಂದು ನಕ್ಕಳು. ಮೇಡಂ ಕೂಡ ನಕ್ಕರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನು ನೆನೆದು ಮತ್ತೊಮ್ಮೆ ನಕ್ಕರು.

ವಿಭಾಗದ ಮುಖ್ಯಸ್ಥರಿಗೆ ಮಾತ್ರ ಇದು ಸರಿಕಾಣಲಿಲ್ಲ. ಅವರೇ ಬರೆದ ಗೈಡ್ ಪುಸ್ತಕ ಪ್ರತಿ ಹುಡುಗನ ಚೀಲದಲ್ಲೂ ಇತ್ತು. "ನೋಡಿ, ಪರೀಕ್ಷೆ ಪೇಪರ್ ನೋಡೋರು ಹೊರಗಿನವರು" ಎಂದರು ಒಮ್ಮೆ. "ಒಂದು ಪೇಪರ್‌ಗೆ ಅವರು ಕೊಡೋದು ಐದು ನಿಮಿಷ. ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತೆ. ಪಟ್ಟಿಯಲ್ಲಿರೋದು ಹಾಳೆಯಲ್ಲಿದ್ರೆ ಅಂಕ. ಆ ಹೆಂಗಸಿಗೆ ಬೇಕಾಗಿರೋದು ಪಾಸು. ನೀವು ಅವಳಿಗೆ ಬೇರೇನೋ ಕೊಡ್ತಿದ್ದೀರಿ."

ಮೇಡಂ ಎದುರು ಮಾತಾಡಿದರು. ಯೋಚಿಸಲು ಕಲಿತವಳಿಗೆ ಪಾಸಾಗುವುದೇನು ಮಹಾ ಎಂದರು. ಆ ಮಾತು ಆಡುವಾಗ ಅವರಿಗೆ ಅದರಲ್ಲಿ ಪೂರ್ತಿ ನಂಬಿಕೆಯಿತ್ತು.

ಫಲಿತಾಂಶ ನೋಟಿಸ್ ಬೋರ್ಡಿಗೆ ಬಂದ ದಿನ ಇಸ್ತ್ರಿ ಅಕ್ಕನ ನಂಬರಿನ ಮುಂದೆ ಇಪ್ಪತ್ತೊಂಬತ್ತು ಎಂದಿತ್ತು. ಪಾಸಿಗೆ ಮೂವತ್ತೈದು ಬೇಕು. ಇಡೀ ಕ್ಲಾಸಿನಲ್ಲಿ ಫೇಲಾದದ್ದು ಇಬ್ಬರೇ. ಇನ್ನೊಬ್ಬ ಪರೀಕ್ಷೆಗೇ ಬಂದಿರಲಿಲ್ಲ.

ಮೇಡಂ ಅರ್ಜಿ ಬರೆಸಿ ಅವಳ ಉತ್ತರಪತ್ರಿಕೆಯ ನಕಲು ತರಿಸಿದರು. ಪ್ರಬಂಧದ ವಿಷಯ ದುಡಿಮೆಯ ಘನತೆ. ಅವಳು ಆರು ಪುಟ ಬರೆದಿದ್ದಳು. ದುಡಿಮೆಯನ್ನು ಹೊಗಳುವವರು ಸಾಮಾನ್ಯವಾಗಿ ಕೂತಿರುತ್ತಾರೆ ಎಂದು ಶುರುಮಾಡಿ, ಅರ್ಧಕ್ಕೆ ನಿಂತು, ಹಾಗೆಂದು ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇಲ್ಲವೇ ಎಂದು ತನ್ನನ್ನೇ ಕೇಳಿಕೊಂಡು, ಇದೆ ಎಂದು ಒಪ್ಪಿಕೊಂಡು, ಆ ಹೆಮ್ಮೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋಗಿದ್ದಳು. ಹೊಡೆದು ಹಾಕಿ ಮತ್ತೆ ಬರೆದ ಸಾಲುಗಳು. ವ್ಯಾಕರಣದ ಪ್ರಶ್ನೆಗಳನ್ನು ಮುಟ್ಟಿರಲೇ ಇಲ್ಲ, ಹೊತ್ತು ಸಾಲಲಿಲ್ಲ. ಅಂಚಿನಲ್ಲಿ ಪರೀಕ್ಷಕರು ಒಂದೇ ಪದ ಬರೆದಿದ್ದರು: ವಿಷಯಾಂತರ.

ತಮ್ಮ ಇಪ್ಪತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ ಎಂದು ಅವರಿಗೆ ಗೊತ್ತಾಯಿತು. ಮರುದಿನವೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿದರು. ಮರುಮೌಲ್ಯಮಾಪನದಲ್ಲಿ ಒಂದು ಅಂಕ ಹೆಚ್ಚಾಯಿತು. ಮೂವತ್ತು.

ಮರುಪರೀಕ್ಷೆಗೆ ಆರು ವಾರವಿತ್ತು. ಸ್ಟೋರಿನ ಗುಮಾಸ್ತರಿಗೆ ಉಳಿದದ್ದು ಎರಡು ತಿಂಗಳು. ಇಸ್ತ್ರಿ ಅಕ್ಕ ಕಾಲೇಜಿಗೆ ಬಂದಳು. ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತಿ ಬಂದು, ಕುರ್ಚಿಯಲ್ಲಿ ಕೂತು ಉಸಿರು ಹಿಡಿತಕ್ಕೆ ಬರುವವರೆಗೆ ಮಾತಾಡಲಿಲ್ಲ. ಮೇಡಂಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ನಂದೇ ತಪ್ಪು ಮೇಡಂ. ಬರೀತಾ ಬರೀತಾ ಪರೀಕ್ಷೆ ಅನ್ನೋದೇ ಮರೆತುಹೋಯ್ತು."

"ನಿಮ್ಮ ತಪ್ಪಲ್ಲ" ಎಂದರು ಮೇಡಂ. "ನಾಳೆ ಬನ್ನಿ. ನಾನು ಬರೆದು ಕೊಡ್ತೀನಿ."

ಆ ರಾತ್ರಿ ಮನೆಯಲ್ಲಿ ಅವರು ಐದು ಪ್ರಬಂಧ ಬರೆದರು. ಶಿಸ್ತು, ಸಮಯ, ಶಿಕ್ಷಣ, ಆರೋಗ್ಯ, ವಿಜ್ಞಾನ. ಯಾವುದರಲ್ಲೂ ಒಂದು ತಪ್ಪಿಲ್ಲ, ಒಬ್ಬ ಮನುಷ್ಯನೂ ಇಲ್ಲ. ಅದು ತಮಗೆ ಎಷ್ಟು ಸಲೀಸಾಗಿ ಬಂತು ಎಂಬುದೇ ಅವರಿಗೆ ಹೆದರಿಕೆ ಹುಟ್ಟಿಸಿತು.

ಖಾಲಿ ಕ್ಲಾಸಿನಲ್ಲಿ ಇಬ್ಬರೂ ಎದುರುಬದುರು ಕೂತರು. ಇಸ್ತ್ರಿ ಅಕ್ಕ ಮೊದಲ ಹಾಳೆ ಓದಿ ತಲೆಯೆತ್ತಿದಳು.

"ಶಿಸ್ತಿಲ್ಲದ ಬದುಕಿಗೆ ಅರ್ಥವಿಲ್ಲ ಅಂತ ಬರ್ದಿದ್ದೀರಿ. ಯಾರ ಬದುಕಿಗೆ ಮೇಡಂ?"

ಮೇಡಂ ಎರಡನೆಯ ಹಾಳೆಯನ್ನು ಅವಳ ಮುಂದೆ ಸರಿಸಿದರು.

"ಅಲ್ಲ, ನಮ್ಮ ಲಾಂಡ್ರಿ ಮೇಲ್ವಿಚಾರಕರಿಗೆ ಶಿಸ್ತು ಅಂದ್ರೆ ನಾವು ನೀರು ಕುಡಿಯೋಕೆ ಹೋಗ್ದೇ ಇರೋದು. ಅದಕ್ಕೇ..."

"ಕೇಳಬೇಡಿ" ಎಂದರು ಮೇಡಂ. ದನಿ ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಏನೂ ಕೇಳಬೇಡಿ. ಬಾಯಿಪಾಠ ಮಾಡಿ. ಯಾವ ವಿಷಯ ಬಂದ್ರೂ ಇದ್ರಲ್ಲಿ ಒಂದನ್ನ ತಿರುಗಿಸಿ ಬರೀರಿ."

ಇಸ್ತ್ರಿ ಅಕ್ಕ ಹಾಳೆಗೆ ತಲೆಬಗ್ಗಿಸಿ, ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ಮತ್ತೆ ಯಾವ ಸಾಲಿಗೂ ನಿಲ್ಲಲಿಲ್ಲ. ಒಳ್ಳೆಯ ಜ್ಞಾಪಕಶಕ್ತಿ, ಒಂಬತ್ತು ಮಧ್ಯಾಹ್ನಗಳಲ್ಲಿ ಐದೂ ಪ್ರಬಂಧ ಬಾಯಿಗೆ ಬಂದವು. ಕೊನೆಯ ದಿನ ಅವಳು ನಿಂತುಕೊಂಡು ಐದನ್ನೂ ಒಪ್ಪಿಸಿದಳು. ಮೇಡಂ "ಸರಿ" ಎಂದರು. ಒಂದು ಕಡೆಯೂ ತಿದ್ದುವುದಕ್ಕೆ ಇರಲಿಲ್ಲ.

ಅರವತ್ತೊಂದು ಅಂಕ ಬಂತು. ಸ್ಟೋರಿನ ಜಾಗ ಸಿಕ್ಕಿತು. ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾದಾಗ ಕೈಕುಲುಕಿದರು. "ಕೊನೆಗೂ ದಾರಿಗೆ ಬಂದ್ರಿ ನೋಡಿ" ಎಂದರು. ಮೇಡಂ ಅದಕ್ಕೆ ಕೊಕ್ಕೆ ಹಾಕಲಿಲ್ಲ.

ಮುಂದಿನ ವರ್ಷ ಜ್ವರದ ಔಷಧಿಗೆಂದು ಆಸ್ಪತ್ರೆಗೆ ಹೋದಾಗ ಅವರು ಸ್ಟೋರನ್ನು ಹುಡುಕಿಕೊಂಡು ಹೋದರು. ನೆಲಮಾಳಿಗೆಯ ತಂಪು ಕೋಣೆ, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಸಾಬೂನು ಮತ್ತು ರಟ್ಟಿನ ವಾಸನೆ. ಇಸ್ತ್ರಿ ಅಕ್ಕ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಮೈಕೈ ತುಂಬಿಕೊಂಡಿತ್ತು, ಉಸಿರು ಸಲೀಸಾಗಿತ್ತು. ಕುರ್ಚಿ ಎಳೆದು ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಮಗಳ ವಿಷಯ, ಗಂಡನ ಮಂಡಿನೋವಿನ ವಿಷಯ ಎಲ್ಲ ಹೇಳಿದಳು.

"ಬರೀತೀರಾ ಈಗಲೂ?" ಎಂದು ಮೇಡಂ ಕೇಳಿಯೇಬಿಟ್ಟರು.

ಅವಳು ಚಹಾದ ಲೋಟದ ಅಂಚನ್ನು ಬೆರಳಿನಿಂದ ಒರೆಸಿದಳು.

"ಒಂದೆರಡು ಸಲ ಕೂತೆ ಮೇಡಂ. ಇಲ್ಲಿ ಹೊತ್ತು ಬೇಕಾದಷ್ಟು ಸಿಗುತ್ತೆ. ಆದ್ರೆ ಪೆನ್ನು ಹಿಡಿದ ಕೂಡ್ಲೇ ನಿಮ್ಮ ಸಾಲುಗಳೇ ಬರ್ತವೆ. ಅವನ್ನ ಪಕ್ಕಕ್ಕೆ ಸರಿಸಿದ್ರೆ ಹಿಂದುಗಡೆ ಏನೂ ಇರೋದಿಲ್ಲ." ಆಮೇಲೆ ಅವರ ಮುಖ ನೋಡಿ ಗಾಬರಿಯಾಗಿ, "ಅಯ್ಯೋ, ಬಿಡಿ ಮೇಡಂ, ಅದಕ್ಯಾಕೆ ಬೇಜಾರು? ನಿಮ್ಮಿಂದಲೇ ನಾನಿವತ್ತು ಉಸಿರಾಡ್ತಿರೋದು" ಎಂದಳು.

ಅದು ನಿಜವೇ ಆಗಿತ್ತು. ಮೇಡಂ ಚಹಾ ಮುಗಿಸಿ, ಚೆನ್ನಾಗಿರಿ ಎಂದು ಹೇಳಿ ಎದ್ದರು. ಎರಡು ಗಂಟೆಗೆ ಕ್ಲಾಸಿತ್ತು. ಹೊಸ ಹುಡುಗರು ಪೆನ್ನು ತೆರೆದು ಕಾಯುತ್ತಿದ್ದರು. ಈ ಮೇಡಂ ಒಳ್ಳೆಯ ನೋಟ್ಸ್ ಕೊಡುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಮೇಡಂ ಹಾಜರಿ ಕರೆದು, ಕನ್ನಡಕ ಏರಿಸಿಕೊಂಡು, ಮೊದಲ ವಾಕ್ಯವನ್ನು ನಿಧಾನವಾಗಿ, ಎಲ್ಲರಿಗೂ ಬರೆದುಕೊಳ್ಳಲು ಆಗುವಂತೆ ಎರಡೆರಡು ಸಲ ಹೇಳಿದರು.