ನೋವಿಲ್ಲ, ಜ್ವರವಿಲ್ಲ, ವಾಸನೆಯಿಲ್ಲ

ಸಂತೆಕಲ್ಲೂರಿನ ಕರೆಮ್ಮನ ತಲೆಯಲ್ಲಿ ತಾನು ಸತ್ತಿರಬಹುದೆಂಬ ಸಂಶಯ ಬಿತ್ತಿದ್ದು ಮನೆಯ ನಾಯಿ.

ಸಿಂಧನೂರಿನ ದವಾಖಾನೆಯಲ್ಲಿ ಬಲಗಾಲಿನ ಎರಡು ಬೆರಳು ತೆಗೆಸಿಕೊಂಡು ಆಕೆ ಊರಿಗೆ ಮರಳಿದ್ದಳು. ಸಕ್ಕರೆ ಕಾಯಿಲೆಯವಳು, ಜಾಲಿಮುಳ್ಳು ನಟ್ಟದ್ದೂ ತಿಳಿಯದಷ್ಟು ಪಾದ ಮರಗಟ್ಟಿತ್ತು. ತಿಳಿಯುವ ಹೊತ್ತಿಗೆ ಬೆರಳು ಕಪ್ಪಾಗಿದ್ದವು. ಪಟ್ಟಿಗೆ ನೀರು ತಾಗಿಸಬೇಡ, ಮಸ್ಕಿಗೆ ಹೋಗಿ ಆಗಾಗ ಪಟ್ಟಿ ಬದಲಿಸಿಕೋ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನೀರಿನ ಮಾತು ನೆನಪಿನಲ್ಲಿ ಉಳಿಯಿತು. ಮಸ್ಕಿಯ ಮಾತು ಬಸ್ಸಿನ ಗದ್ದಲದಲ್ಲಿ ಎಲ್ಲೋ ಬಿದ್ದುಹೋಯಿತು. ಆಕೆ ಪಟ್ಟಿಯ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ದಾರ ಬಿಗಿದು, ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಮಲಗಿದಳು.

ಮಗ ಕುರಿ ಹೊಡೆದುಕೊಂಡು ಸಿಂಧನೂರು ಬದಿಯ ಆರ್.ಎಚ್. ಕ್ಯಾಂಪ್ ಊರುಗಳ ಕಡೆಯ ಕೊಯ್ಲಾದ ಗದ್ದೆಗಳಿಗೆ ಹೊರಟಾಗ ನಾಯಿ ಹಿಂದೆ ಹೋಗಲಿಲ್ಲ. ಬಂದು ಕರೆಮ್ಮನ ಕಾಲ ಬದಿಗೆ ಕೂತಿತು. ಮೊದಲು ಆಕೆಗೆ ಅಕ್ಕರೆ ಉಕ್ಕಿತು. ಆಮೇಲೆ ಅದರ ಕಣ್ಣು ನೋಡಿದಳು. ಅದು ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿತ್ತು. ಹಟ್ಟಿಯಲ್ಲಿ ಕುರಿ ಸತ್ತು ಬಿದ್ದರೆ, ಒಡೆಯ ಎಳೆದು ಹಾಕುವವರೆಗೆ ದೂರದಲ್ಲಿ ಕೂತು ಕಾಯುತ್ತಿತ್ತಲ್ಲ, ಹಾಗೆಯೇ ಕೂತಿತ್ತು. ಆಗಾಗ ನಾಲಿಗೆಯಿಂದ ಮೂತಿ ನೆಕ್ಕಿಕೊಳ್ಳುತ್ತಿತ್ತು.

ಆಮೇಲೆ ಇರುವೆ ಬಂದವು. ಗೋಡೆಯ ಬಿರುಕಿನಿಂದ ಹೊರಟ ಕಪ್ಪು ಸಾಲು ಹೊರಸಿನ ಕಾಲೇರಿ ಚೀಲದ ಬಾಯೊಳಗೆ ಇಳಿಯುತ್ತಿತ್ತು. ಒಳಗೆ ಹೋದವು ಏನು ಮಾಡುತ್ತಿದ್ದವೋ, ಕಚ್ಚಿದ್ದಂತೂ ಆಕೆಗೆ ಗೊತ್ತಾಗಲಿಲ್ಲ.

ಮನೆಯವರ ನಡೆಯೂ ಬದಲಾಯಿತು. ಸೊಸೆ ದುರ್ಗಾದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಂದು, ರೊಟ್ಟಿಯ ತಾಟು ಮಾರು ದೂರ ಇಟ್ಟು, ಮಾತಿಲ್ಲದೆ ತಿರುಗುತ್ತಿದ್ದಳು. ಗಂಡ ಪಂಪಣ್ಣ ತನ್ನ ಹೊರಸನ್ನು ಬೇವಿನ ಮರದ ಬುಡಕ್ಕೆ ಒಯ್ದ. ಆಕೆಯ ತಲೆದೆಸೆಗೆ ಊದಿನಕಡ್ಡಿ ಹಚ್ಚತೊಡಗಿದ. ಒಂದು ಆರುವ ಮುನ್ನ ಇನ್ನೊಂದು. ಲಿಂಗಸುಗೂರಿಗೆ ಹೋಗಿ ಯಾರಿಂದಲೋ ತಾಯತ ತಂದು ಬಾಗಿಲಿಗೆ ಕಟ್ಟಿದ. ಒಂದು ಮಧ್ಯಾಹ್ನ, ಓಣಿಯೆಲ್ಲ ಬಿಸಿಲಿಗೆ ಸ್ತಬ್ಧವಾಗಿದ್ದಾಗ, ಆತ ಸೊಸೆಗೆ ಪಿಸುಗುಟ್ಟಿದ್ದು ಆಕೆಯ ಕಿವಿಗೆ ಬಿತ್ತು.

“ಆಕಿ ಮುಂದ ಬಾಯಿ ಬಿಡಬ್ಯಾಡವ. ಗೊತ್ತಾದ್ರ ತಡಕೊಳ್ಳಂಗಿಲ್ಲ.”

ಏನು ಗೊತ್ತಾಗಬಾರದು? ಕರೆಮ್ಮ ಬಿದ್ದುಕೊಂಡೇ ಯೋಚಿಸಿದಳು. ತಲೆದೆಸೆಗೆ ಊದಿನಕಡ್ಡಿ ಹಚ್ಚುವುದು ಯಾರಿಗೆ? ಮುಖ ಮುಚ್ಚಿಕೊಂಡು ಬರುವುದು ಯಾರ ಹತ್ತಿರ? ಬಾಯಿಗಿಟ್ಟ ರೊಟ್ಟಿ ಮಣ್ಣಿನಂತಿತ್ತು, ಹಸಿವೂ ಇರಲಿಲ್ಲ. ಪಾದವನ್ನು ಉಗುರಿನಿಂದ ಚಿವುಟಿ ನೋಡಿದಳು. ಬೇರೆಯವರ ಪಾದ ಚಿವುಟಿದಂತಾಯಿತು. ಸಿಂಧನೂರಿನ ಆಪರೇಷನ್ ಮೇಜಿನ ಮೇಲೆ ಸೂಜಿ ಚುಚ್ಚಿದ್ದು ನೆನಪಿತ್ತು, ಎದ್ದದ್ದು ನೆನಪಿಗೆ ಬರಲಿಲ್ಲ.

ಫೋನು ಬಂದದ್ದು ಅದೇ ಹೊತ್ತಿಗೆ.

“ಅಮ್ಮಾ, ನಾ ಶಾಕೀರಾ, ಸಿಂಧನೂರು ದವಾಖಾನಿಯಿಂದ. ಮೊನ್ನೆ ಕೇಳಿದ್ನಲ್ಲ, ಅವೇ ಪ್ರಶ್ನೆ ಮತ್ತ ಕೇಳ್ತೀನಿ. ಆಪರೇಷನ್ ಆದೋರಿಗೆಲ್ಲ ಕೇಳ್ತೀವಿ. ಗಾಯದಾಗ ನೋವು ಹೆಚ್ಚಾಗೇತೇನ್ರೀ?”

“ನೋವೇ ಇಲ್ಲ ತಂಗಿ.”

“ಜ್ವರ, ಚಳಿ?”

“ಇಲ್ಲ.”

“ಪಟ್ಟಿ ಹಸಿ ಆಗೇತೇನು?”

“ಚೀಲ ಕಟ್ಟೀನಿ. ಕಾಣಂಗಿಲ್ಲ.”

“ಕೆಟ್ಟ ವಾಸನಿ?”

“ಯಾವ ವಾಸನಿನೂ ಇಲ್ಲ.”

“ಹಂಗಾದ್ರ ಚಲೋ ಐತಿ ಅಮ್ಮಾ,” ಎಂದಳು ಶಾಕೀರಾ.

ಫೋನು ಇಡಲು ಕರೆಮ್ಮನಿಗೆ ಮನಸ್ಸಾಗಲಿಲ್ಲ. ಇಷ್ಟು ದಿನದಲ್ಲಿ ತನ್ನೊಂದಿಗೆ ನೆಟ್ಟಗೆ ಮಾತಾಡಿದ್ದು ಈ ದನಿಯೊಂದೇ.

“ತಂಗಿ, ಒಂದು ಕೇಳ್ಲೇನು? ಸತ್ತೋರಿಗೆ ಕೇಳಿದ್ರ ಅವರೂ ಹಿಂಗ ಹೇಳ್ತಾರಲ್ಲ? ನೋವಿಲ್ಲ, ಜ್ವರಿಲ್ಲ, ವಾಸನಿಲ್ಲ ಅಂತ. ಆಪರೇಷನ್ ದಿನ ನಾ ಎದ್ದೆನೋ ಇಲ್ಲೋ, ನಿಮ್ಮ ಕಡೆ ಬರೆದಿಟ್ಟಿರಬೇಕು. ನೋಡಿ ಹೇಳು. ಮನ್ಯಾಗ ಯಾರೂ ಹೇಳವಲ್ರು.”

ಶಾಕೀರಾ ಮೆಲ್ಲಗೆ, “ಯಾಕ ಹಂಗ ಅಂತೀರಿ ಅಮ್ಮಾ?” ಎಂದಳು. ಕರೆಮ್ಮ ನಾಯಿಯ ಮಾತು ಹೇಳಿದಳು, ಇರುವೆಯ ಮಾತು, ಊದಿನಕಡ್ಡಿಯ ಮಾತು ಹೇಳಿದಳು.

“ಊದಿನಕಡ್ಡಿ ವಾಸನಿ ಬರಾಕತ್ತೈತೇನ್ರೀ ನಿಮಗ?”

“ಎಲ್ಲಿದು? ಕರೋನಾ ಬಂದು ಹೋದಾಗಿಂದ ನನಗ ಮೂಗೇ ಇಲ್ಲ.”

“ಯಾ ಅಲ್ಲಾ,” ಎಂದಿತು ದನಿ. “ಫೋನ್ ಯಜಮಾನ್ರಿಗೆ ಕೊಡ್ರೀ. ಸ್ಪೀಕರ್ ಹಾಕಾಕ ಹೇಳ್ರೀ.”

ಕೂಗಿದಾಗ ಪಂಪಣ್ಣ ಬಂದು, ಸ್ಪೀಕರ್ ಹಾಕಿ, ಟವೆಲ್ಲು ಮೂಗಿಗೆ ಒತ್ತಿ ಹೊಸ್ತಿಲಿಗೆ ಸರಿದು ನಿಂತ. ಸೊಸೆ ಅವನ ಬೆನ್ನ ಹಿಂದೆ.

“ನಿಮ್ಮ ಮನಿಯವ್ರ ಗಾಯದಿಂದ ಕೆಟ್ಟ ವಾಸನಿ ಬರಾಕತ್ತೈತೇನ್ರೀ?”

ಆತ ಹೆಂಡತಿಯನ್ನು ನೋಡಿದ. ನೆಲ ನೋಡಿದ.

“ಬರಾಕತ್ತೈತ್ರೀ. ಭಾಳ. ನಮ್ಮವ್ವ ಸಾಯೋ ಮುಂದ ಇದೇ ಪಡಸಾಲ್ಯಾಗ ಇದೇ ನಾತ ಇತ್ತು. ಈಕಿನ್ನ ಕರಕೊಂಡು ಹೋಗಾಕ ಅವ್ವ ಬಂದಾಳ ಅನಕೊಂಡೆ. ಹೆಂಗ ಹೇಳ್ಲಿ?”

“ಅತ್ತಿ ಕಾಲಿಂದ ನಾತ ಬರ್ತೈತಂತ ಸೊಸಿ ಹೆಂಗ ಅನ್ನಬೇಕ್ರೀ?” ದುರ್ಗಾದೇವಿ ಅಳತೊಡಗಿದಳು.

ಕರೆಮ್ಮ ಹೊರಸಿನಲ್ಲಿ ಎದ್ದು ಕೂತಳು. “ಅಂದ್ರ ನಾ ಸತ್ತಿಲ್ಲ?”

“ಯಾರಂದ್ರಬೇ ಸತ್ತೀ ಅಂತ?” ಪಂಪಣ್ಣ ಟವೆಲ್ಲು ಇಳಿಸಿ ಒಳಗೆ ಬಂದ.

“ಗಾಯ ಕೊಳೀಯಾಕತ್ತೈತಿ,” ಎಂದಳು ಶಾಕೀರಾ. “ನೋವು ಗೊತ್ತಾಗಂಗಿಲ್ಲ, ಮೂಗೂ ಇಲ್ಲ, ಆಕಿ ಹೆಂಗ ಹೇಳಬೇಕು? ಇವತ್ತೇ ಕರಕೊಂಡು ಬರ್ರಿ. ಡಾಕ್ಟರಿಗೆ ನಾ ಹೇಳಿರ್ತೀನಿ.”

ಮಸ್ಕಿಯವರೆಗಿನ ಟಂಟಂ ಆಟೋದಲ್ಲಿ ಪಕ್ಕದವರು ಸರಿದು ಕೂತರು. ಒಬ್ಬ ಹೆಂಗಸು ಮೂಗು ಮುಚ್ಚಿ ಗೊಣಗುತ್ತಾ ನಡುದಾರಿಯಲ್ಲೇ ಇಳಿದುಬಿಟ್ಟಳು. ಮುಖ ತಿರುಗಿಸಿದ ಒಬ್ಬೊಬ್ಬರನ್ನು ಕಂಡಾಗಲೂ ಕರೆಮ್ಮನಿಗೆ ಹೋದ ಜೀವ ಬಂದಂತಾಗುತ್ತಿತ್ತು. ತಾನು ಇವರ ಕಣ್ಣಿಗೆ ಬೀಳುತ್ತಿದ್ದೇನೆ. ಸಿಂಧನೂರಿನ ಬಸ್ಸಿನಲ್ಲಿ ಚಳಿಜ್ವರ ಏರಿತು. ಹಲ್ಲು ಕಟಕಟ ಎನ್ನುತ್ತಿದ್ದರೂ ಆಕೆ ಗಂಡನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು, “ನೋಡು, ಬಿಸಿ ಐತಿಲ್ಲೋ, ನೋಡು,” ಎನ್ನುತ್ತಿದ್ದಳು.

ಚೀಲ ಬಿಚ್ಚಿದಾಗ ಪಂಪಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಡಾಕ್ಟರು ಕೊಳೆತದ್ದನ್ನೆಲ್ಲ ಕತ್ತರಿಸಿದರು. ಪಾದದ ಮುಂಭಾಗ ಹೋಯಿತು, ಹಿಮ್ಮಡಿ ಉಳಿಯಿತು. ವಾರ್ಡಿಗೆ ಬಂದ ಶಾಕೀರಾ, ದನಿಗಿಂತ ಸಣ್ಣ ವಯಸ್ಸಿನ ಹುಡುಗಿ, ಕರೆಮ್ಮನ ಕೈ ಹಿಡಿದು ಕೂತಳು. ಈಗ ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ‘ನಿಮಗ ವಾಸನಿ ಗೊತ್ತಾಗ್ತೈತೇನು, ಕಾಲಿಗೆ ಚುಚ್ಚಿದ್ರ ತಿಳೀತೈತೇನು’ ಎಂದು ಕೇಳುತ್ತೇನೆ, ಇಲ್ಲ ಎಂದವರ ಮನೆಯಲ್ಲಿ ಇನ್ನೊಬ್ಬರ ಕೈಗೆ ಫೋನು ಕೊಡಿಸುತ್ತೇನೆ ಎಂದಳು.

ಊರಿಗೆ ಬಂದ ಮೇಲೆ ಪಂಪಣ್ಣನ ಹೊರಸು ಒಳಗೆ ಬಂತು. ಮುಂಜಾನೆ ಎದ್ದವನೇ ಆತ ಕುಕ್ಕುರುಗಾಲಲ್ಲಿ ಕೂತು ಹೆಂಡತಿಯ ಪಟ್ಟಿಗೆ ಮೂಗು ಹಚ್ಚುತ್ತಾನೆ. ಮೊದಮೊದಲು ಆಕೆ ನಾಚಿ ಕಾಲೆಳೆದುಕೊಳ್ಳುತ್ತಿದ್ದಳು. ಈಗ ಚಾಚಿ ಕೊಡುತ್ತಾಳೆ. ಮಧ್ಯಾಹ್ನ ಮನೆ ಖಾಲಿಯಾದರೆ ಮಾತ್ರ ಬಾಗಿಲು ಮುಚ್ಚಗೊಡುವುದಿಲ್ಲ. ಓಣಿಯಲ್ಲಿ ಹಾದುಹೋಗುವವರನ್ನು ಹೆಸರು ಹಿಡಿದು ಕೂಗುತ್ತಾಳೆ. ಅವರು ತಿರುಗಿ, “ಏನಬೇ ಕರೆವ್ವ?” ಎನ್ನುವವರೆಗೂ ಬಿಡುವುದಿಲ್ಲ.