ಬಾಗಿಲ ಒಳಬದಿ

ಕೆಳಗಿನ ತಿರುಪು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ. ಮುನಿರಾಜ್ ಹೊಸ್ತಿಲ ಬಳಿ ಮೊಣಕಾಲೂರಿ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದ. ಚಾಮರಾಜಪೇಟೆಯ ಆ ವಠಾರದ ಬಾಗಿಲುಗಳು ಬದುಕಿರುವವರು ಒಬ್ಬೊಬ್ಬರಾಗಿ ಹಾಯಲೆಂದು ಮಾಡಿದವು. ಅಮ್ಮನನ್ನು ಮಲಗಿಸಿದ ಹಾಗೇ ಹೊರತರಬೇಕಾದರೆ ಕದ ಕಳಚಲೇಬೇಕಿತ್ತು.

"ಹುಷಾರು ಕಣೋ, ನಿಮ್ಮಮ್ಮನಿಗಿಂತ ವಯಸ್ಸಾಗಿದೆ ಅದಕ್ಕೆ," ಎಂದಳು ಪಕ್ಕದ ಮನೆಯ ಅಂಬುಜಮ್ಮ.

ಕದ ಕೈಗೆ ಬಂತು. ಅವನೂ ಮಗಳು ರಮ್ಯಾಳೂ ಅದನ್ನು ಎತ್ತಿ ಎದುರಿನ ಗೋಡೆಗೆ ಒರಗಿಸಿದರು. ಇಷ್ಟು ವರ್ಷ ಮನೆಯವರಿಗಷ್ಟೇ ಕಾಣುತ್ತಿದ್ದ ಒಳಬದಿ ಓಣಿಗೆ ಮುಖಮಾಡಿತು. ಹಸಿರು ಬಣ್ಣದ ಮೇಲೆ ಸುಣ್ಣದಲ್ಲಿ ಬರೆದ ಮೂರು ಅಕ್ಷರ: ನಾಳೆ ಬಾ.

ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಊರೆಲ್ಲಾ ದೆವ್ವಕ್ಕೆ ಹೆದರ್ಕೊಂಡು ಬಾಗಿಲ ಆಚೆ ಬರೆದ್ರೆ, ನಿಮ್ಮಮ್ಮ ಮುನಿರತ್ನಮ್ಮ ಒಳಗಡೆ ಬರೆಸಿದ್ಳು. ಯಾಕಕ್ಕ, ದೆವ್ವ ಒಳಗೆ ಬಂದು ಕಾಫಿ ಕುಡ್ಕೊಂಡು ಹೋಗ್ತಾ ಓದ್ಕೊಳ್ಳುತ್ತಾ ಅಂತ ಎಷ್ಟು ರೇಗಿಸಿದ್ವಿ!"

ಮುನಿರಾಜನ ಹೆಂಡತಿ ಗೋದಾಳ ತಮ್ಮ ಶಶಿಕಿರಣ್ ಫೋನು ಹಿಡಿದು ಓಣಿಗೆ ಬಂದ. "ಭಾವ, ಹೂವಿನ ರಥ ಮಾತಾಡಿದೀನಿ. ತಮಟೆ, ಪಟಾಕಿ, ಎಲ್ಲಾ ಸೇರಿ ಒಂದೂವರೆ ಲಕ್ಷ."

"ಅಷ್ಟು ದುಡ್ಡು ಎಲ್ಲಿದ್ಯೋ?"

"ನಿಮ್ಮ ಹತ್ರ ಇರ್ಬೇಕು ಅಂತ ಯಾರು ಹೇಳಿದ್ರು? ಆ್ಯಪಲ್ಲಿ ಐದು ನಿಮಿಷ. ನಿಮ್ಮ ಡೀಟೇಲ್ಸ್ ಎಲ್ಲಾ ಹಾಕಿದೀನಿ. ಓಟಿಪಿ ಬರುತ್ತೆ, ಹೇಳ್ಬಿಡಿ ಅಷ್ಟೇ." ಶಶಿಕಿರಣ್ ದನಿ ತಗ್ಗಿಸಿದ. "ನಲವತ್ತು ವರ್ಷ ಸೊಪ್ಪಿನ ಪುಟ್ಟಿ ಹೊತ್ತ ತಲೆ ಭಾವ ಅದು. ಒಂದಿನ ಆದ್ರೂ ರಾಣಿ ಹಂಗೆ ಹೋಗ್ಬೇಡ್ವಾ?"

ಮುನಿರಾಜ್ ಕೈಗಂಟಿದ ಎಣ್ಣೆ ಒರೆಸಿಕೊಂಡ. ಅವನಿಗೂ ಅದೇ ಬೇಕಿತ್ತು.

ಅಮ್ಮನಿಗೆ ನೀರು ಹಾಕಿ ಸೀರೆ ಉಡಿಸುತ್ತಿದ್ದ ಗೋದಾ ಒಳಗಿನಿಂದ ಕೇಳಿದಳು. "ರೀ, ಕಿವೀಲಿ ಬೇವಿನ ಕಡ್ಡಿ ಇದೆ. ತೆಗೆದುಬಿಡ್ಲಾ?"

ಅಷ್ಟರಲ್ಲಿ ಮುನಿರಾಜನ ಜೇಬಿನಲ್ಲಿದ್ದ ಫೋನು ನಡುಗಿತು. ಆರು ಅಂಕಿ ಬಂದಿದ್ದವು.

*

ಮುನಿರಾಜನಿಗೆ ಆಗ ಹನ್ನೆರಡು ವರ್ಷ. ಅಪ್ಪ ಅರ್ಜುನಪ್ಪ ಕಂತಿನ ಅಂಗಡಿಯ ಮುಂದೆ ಹಾದರೆ ಸಾಕು, ಕೈ ತಾನಾಗಿ ಸಹಿ ಹಾಕುತ್ತಿತ್ತು. ಮೊದಲು ಟೇಬಲ್ ಫ್ಯಾನು, ಆಮೇಲೆ ಮಿಕ್ಸಿ, ಕೊನೆಗೆ ಕಲರ್ ಟೀವಿ. ಒಂದು ಭಾನುವಾರ ಸಂಜೆ ವಠಾರದ ಮಕ್ಕಳೆಲ್ಲ ಸಿನಿಮಾ ನೋಡುತ್ತ ಕೂತಿದ್ದಾಗ ಅಂಗಡಿಯವರು ಬಂದು, ಪ್ಲಗ್ಗು ಕಿತ್ತು, ಟೀವಿ ಹೊತ್ತುಕೊಂಡು ಹೋದರು. ಅದಕ್ಕೆ ಹೊದಿಸಿದ್ದ ಗಿಳಿ ಕಸೂತಿಯ ಬಟ್ಟೆಯೊಂದು ಉಳಿಯಿತು. ಕತ್ತಲಾಗುವವರೆಗೂ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಪೇಟೆಯ ತುಂಬ ದೆವ್ವದ ಸುದ್ದಿ ಹಬ್ಬಿದ್ದ ಕಾಲವದು. ಹೆಣ್ಣು ದೆವ್ವವಂತೆ, ಬಾಗಿಲಿಗೆ ಬಂದು ಬೇಕಾದವರ ದನಿಯಲ್ಲೇ ಕರೆಯುತ್ತದಂತೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದಂತೆ. ಮರುದಿನ ಬಂದರೂ ಅದೇ ಬರಹ, ಅದೇ ನಾಳೆ.

ಅಮ್ಮನಿಗೆ ಓದು ಬರಹ ಬಾರದು. ಮಗನ ಕೈಗೆ ಸುಣ್ಣದ ಡಬ್ಬಿ ಕೊಟ್ಟು, ಒಳಗೆ ನಿಂತು ಕದ ಮುಚ್ಚಿದಳು. "ಇಲ್ಲಿ ಬರಿ."

"ಆಚೆ ಬರೀಬೇಕಮ್ಮ. ದೆವ್ವಕ್ಕೆ ಕಾಣ್ಬೇಡ್ವಾ?"

"ನಮ್ಮನೇದು ಒಳಗಿಂದ ಆಚೆ ಹೊರಡೋ ದೆವ್ವ. ಬರಿ ನೀನು."

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಮುಂದೆ ಅವನು ತೀರಿಕೊಂಡಾಗ ಬಿಟ್ಟುಹೋದ ಕಂತುಗಳನ್ನೆಲ್ಲ ಅಮ್ಮ ಕಲಾಸಿಪಾಳ್ಯದಿಂದ ಹೊತ್ತು ತಂದ ದಂಟು, ಮೆಂತ್ಯ, ಸಬ್ಬಸಿಗೆಯಲ್ಲೇ ತೀರಿಸಿದಳು.

*

ಅವಳೇನು ಆಸೆಯಿಲ್ಲದ ಹೆಂಗಸಲ್ಲ. ಗಾಂಧಿ ಬಜಾರಿನ ಅಂಗಡಿಯೊಂದರ ಗಾಜಿನ ಹಿಂದೆ ಕೆಂಪು ಕಲ್ಲಿನ ಓಲೆ ನೋಡಿದ್ದಳು. ಬೆಳಗ್ಗೆ ಪುಟ್ಟಿ ಎತ್ತಿಕೊಂಡು ಹೊರಡುವಾಗ ಕದದ ಆ ಮೂರು ಅಕ್ಷರಗಳ ಮೇಲೆ ಅಂಗೈಯಿಟ್ಟು, ಬಂದ ನೆಂಟರಿಗೆ ಹೇಳುವಂತೆ ನಗುತ್ತ ಹೇಳುತ್ತಿದ್ದಳು: ನಾಳೆ ಬಾರಮ್ಮ.

ಒಂದು ದಿನ ಕೂಡಿಟ್ಟ ದುಡ್ಡಿಗೆ ಕೊಂಡ ಓಲೆ ಹಾಕಿಕೊಂಡೇ ಮನೆಗೆ ಬಂದಳು. "ಹನ್ನೊಂದು ವರ್ಷ ನಾಳೆ ಬಾ ಅಂದೆ. ಬೇಜಾರಿಲ್ದೆ ಬಂತು. ಇನ್ನೂ ಬಾಗ್ಲಲ್ಲೇ ನಿಲ್ಸಿದ್ರೆ ಮರ್ಯಾದೆನಾ?"

ಆ ಓಲೆ ಬಿಚ್ಚಿದ್ದು ಮುನಿರಾಜನಿಗಾಗಿ. ಮತ್ತಿಕೆರೆಯಲ್ಲಿ ಫ್ಲ್ಯಾಟು ಬಾಡಿಗೆಗೆ ಹಿಡಿದು, ಕಾರು ಕೊಂಡು, ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ಉಜ್ಜುತ್ತ, ಕೊನೆಗೆ ವಸೂಲಿಯವರ ಫೋನಿಗೆ ಹೆದರಿ ಅವನು ಹೆಂಡತಿ ಮಗಳ ಜೊತೆ ವಠಾರಕ್ಕೆ ವಾಪಸ್ಸು ಬಂದ ದಿನ, ಅಮ್ಮ ಬೈಯಲಿಲ್ಲ. ಓಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. "ಇದು ಒಂದು ಕಾರ್ಡಿಗೆ. ಮಿಕ್ಕಿದ್ದು ನೀನೇ ತೀರಿಸ್ಬೇಕು. ಕಾರು ಮಾರು, ನಡಿ, ಬಸ್ ಹತ್ತು. ಸಾಲ ತಗೊಂಡ ಕೈಯೇ ತೀರಿಸ್ಲಿ, ಆಗ ಅದಕ್ಕೆ ನೆನಪಿರುತ್ತೆ."

ಅಂದಿನಿಂದ ಕಿವಿಯ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಯಾರಾದರೂ ಕೇಳಿದರೆ, "ಓಲೆಗೆ ನಾಳೆ ಬಾ ಅಂದಿದೀನಿ. ಬಂದಾಗ ಜಾಗ ಇರ್ಲಿ," ಎನ್ನುತ್ತಿದ್ದಳು.

ಮುನಿರಾಜನಿಗೆ ಇನ್ನು ಎರಡೇ ಕಂತು ಉಳಿದಿದ್ದವು. ತೀರಿದ ತಿಂಗಳೇ ಓಲೆಗೆ ಕೂಡಿಡಲು ಶುರು ಮಾಡಬೇಕೆಂದುಕೊಂಡಿದ್ದ.

*

"ಭಾವ, ಓಟಿಪಿ! ಟೈಮ್ ಮುಗಿದೋಗುತ್ತೆ."

ಮುನಿರಾಜ್ ಫೋನು ನೋಡಿದ. ಆಮೇಲೆ ಎದುರು ಗೋಡೆಗೆ ಒರಗಿದ್ದ ಕದ ನೋಡಿದ. 'ಳೆ'ಯ ಬಾಲ ವಾರೆಯಾಗಿತ್ತು, ಹನ್ನೆರಡು ವರ್ಷದವನ ಅಕ್ಷರ. ಅಂಗೈ ಇಟ್ಟೂ ಇಟ್ಟೂ 'ಬಾ' ಅರ್ಧ ಸವೆದಿತ್ತು.

"ನಾಳೆ ಬಾ ಅನ್ನು," ಎಂದ.

"ಯಾರಿಗೆ?"

"ರಥದವನಿಗೆ."

"ನಾಳೆ ಬಂದು ಏನ್ ಮಾಡ್ತಾನೆ ಭಾವ? ಇವತ್ತೇ ಅಲ್ವಾ ಮಣ್ಣು!"

"ಅದಕ್ಕೇ."

ಶಶಿಕಿರಣ್ ಓಣಿಯಲ್ಲಿ ಸೇರಿದ್ದವರತ್ತ ಕಣ್ಣು ಹಾಯಿಸಿದ. "ಜನ ಏನಂತಾರೆ?"

"ಜನ ಅಂದ್ರೆ ನಾವೇ ಅಲ್ವೇನೋ?" ಅಂಬುಜಮ್ಮ ಗದರಿದಳು. "ನಾವೇನೂ ಅನ್ನಲ್ಲ. ಫೋನು ಜೇಬಿಗೆ ಹಾಕು, ಹೆಗಲು ಕೊಡು ಬಾ."

ಮುನಿರಾಜ್ ಒಳಗೆ ಹೋಗಿ ಅಮ್ಮನ ಪಕ್ಕ ಕೂತ. ಕಿವಿಯ ಕಡ್ಡಿಗಳು ಒಣಗಿ ಕಪ್ಪಾಗಿದ್ದವು. "ತೆಗಿ ಗೋದಾ," ಎಂದ. "ರಮ್ಯಾ, ಮೂಲೆ ಮರದಿಂದ ಎರಡು ಹೊಸಾ ಕಡ್ಡಿ ಮುರ್ಕೊಂಡು ಬಾ. ಹಸಿರಾಗಿರೋದು ನೋಡು."

ಗೋದಾ ಒಣ ಕಡ್ಡಿಗಳನ್ನು ಮೆಲ್ಲಗೆ ಎಳೆದು ತೆಗೆದಳು. ರಮ್ಯಾ ತಂದ ಕಡ್ಡಿಗಳನ್ನು ಮುನಿರಾಜನೇ ಸಿಕ್ಕಿಸಿದ. ಎಡಗಿವಿಯದ್ದು ಎರಡು ಸಲ ಜಾರಿತು.

ಕಲಾಸಿಪಾಳ್ಯದಿಂದ ಸೊಪ್ಪಿನ ಹೆಂಗಸರು ಅಮ್ಮನದೇ ಪುಟ್ಟಿಯ ತುಂಬ ಸೇವಂತಿಗೆ ತಂದಿದ್ದರು. ಚಟ್ಟದ ಮೇಲೆ ಹೂ ಸುರಿದರು. ಅವರಲ್ಲಿ ಹಿರಿಯಳಾದ ಮುನಿಲಕ್ಷ್ಮಮ್ಮ ಕಾಲ ಬಳಿ ಸಬ್ಬಸಿಗೆಯ ಒಂದು ಕಟ್ಟಿಟ್ಟು, "ಇವತ್ತಾದ್ರೂ ಚೌಕಾಸಿ ಮಾಡ್ಬೇಡ ಕಣಕ್ಕ," ಎಂದಳು. ಎಲ್ಲರೂ ನಕ್ಕರು, ನಗುತ್ತಿದ್ದಂತೆ ಅವಳೇ ಮೊದಲು ಬಿಕ್ಕಿದಳು.

ಮುಂದಿನ ಹೆಗಲಿಗೆ ಮುನಿರಾಜ್, ಹಿಂದೆ ಶಶಿಕಿರಣ್. ಓಣಿಯ ತುಂಬ ಸಬ್ಬಸಿಗೆಯ ಘಮ. ತಿರುವಿನಲ್ಲಿ ಯಾರೋ, "ತಿರುಗಿ ನೋಡ್ಬಾರ್ದಪ್ಪ," ಎಂದರು.

ಆದರೂ ಅವನು ತಿರುಗಿ ನೋಡಿದ. ಕದವಿಲ್ಲದ ಹೊಸ್ತಿಲಲ್ಲಿ ರಮ್ಯಾ ನಿಂತಿದ್ದಳು. ಎದುರಿನ ಗೋಡೆಗೆ ಒರಗಿದ ಹಸಿರು ಕದ ಅಮ್ಮ ಹೋಗುತ್ತಿರುವ ದಾರಿಯನ್ನೇ ನೋಡುತ್ತಿತ್ತು. ಬಿಸಿಲು ಬಿದ್ದು ಸುಣ್ಣದ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು: ನಾಳೆ ಬಾ.